ಮನೆಯ ಫಿಲ್ಟರೂ ಕಾರ್ಖಾನೆಯ ಚರಂಡಿಯೂ

(ಮಿಲ್ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ನಮ್ಮ ಕೇರಿಗೆ ಒಬ್ಬ ತರುಣ ಬಂದ. ಕೊರಳಲ್ಲಿ ಟೈ, ಕೈಯಲ್ಲೊಂದು ಚೀಲ. ನೀರು ಶುದ್ಧಿ ಮಾಡುವ ಯಂತ್ರವನ್ನು ಮಾರುವವನು. ಎರಡು ಗಾಜಿನ ಲೋಟಗಳನ್ನು ತರಿಸಿ, ಒಂದರಲ್ಲಿ ನಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ತನ್ನ ಯಂತ್ರದ ನೀರು ತುಂಬಿ, ಎರಡಕ್ಕೂ ಕರೆಂಟಿನ ಕಡ್ಡಿಗಳನ್ನು ಇಳಿಬಿಟ್ಟ. ಎರಡು ನಿಮಿಷವಾಗಿಲ್ಲ, ನಲ್ಲಿಯ ನೀರು ಕೆಸರಿನ ಬಣ್ಣಕ್ಕೆ ತಿರುಗಿ ಮೇಲೆ ನೊರೆ ಕಟ್ಟಿತು. ಆತನ ಲೋಟದ ನೀರು ಮಾತ್ರ ತಿಳಿಯಾಗಿಯೇ ಉಳಿಯಿತು. ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ‘ಇಷ್ಟು ದಿನ ಇದನ್ನೇ ಮಕ್ಕಳಿಗೆ ಕುಡಿಸಿದೆವೇ!’ ಎಂದು ಒಬ್ಬಾಕೆ ಅತ್ತೇಬಿಟ್ಟಳು. ಅಂದು ಸಂಜೆಯೊಳಗೆ ನಾಲ್ಕು ಮನೆಯವರು ಕಂತಿನ ಮೇಲೆ ಯಂತ್ರ ಕೊಂಡರು.

ಆ ಕಂದು ಬಣ್ಣ ಎಲ್ಲಿಂದ ಬಂತು? ಆತನ ಕಡ್ಡಿಯಿಂದಲೇ ಬಂತು. ನಲ್ಲಿಯ ನೀರಿನಲ್ಲಿ ಸುಣ್ಣ, ಉಪ್ಪು ಮೊದಲಾದವು ಕರಗಿರುತ್ತವೆ. ಅವುಗಳಿರುವುದರಿಂದ ನೀರಿನಲ್ಲಿ ಕರೆಂಟು ಹರಿಯುತ್ತದೆ. ಕರೆಂಟು ಹರಿದರೆ ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗುತ್ತದೆ. ಯಂತ್ರದ ನೀರಿನಲ್ಲಿ ಉಪ್ಪು ಕಡಿಮೆ; ಕರೆಂಟು ಹರಿಯದು; ತುಕ್ಕೂ ಏಳದು. ವಿಷಯ ಇಷ್ಟೆ. ‘ನಿನ್ನ ಲೋಟಕ್ಕೂ ಒಂದು ಚಿಟಿಕೆ ಅಡಿಗೆ ಉಪ್ಪು ಹಾಕಿ ತೋರಿಸಪ್ಪಾ’ ಎಂದೆವು. ಆತ ಚೀಲ ಕಟ್ಟಿದ. ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ಕಮಿಷನ್ನಿನ ಮೇಲೆ ಬದುಕುವವನು. ಕಡ್ಡಿಯ ಗುಟ್ಟನ್ನು ಅವನಿಗೂ ಯಾರೂ ಹೇಳಿರಲಾರರು.

ಹಾಗೆಂದ ಮಾತ್ರಕ್ಕೆ ನೀರಿನ ವಿಷಯದಲ್ಲಿ ಹೆದರಬೇಕಾದ್ದೇ ಇಲ್ಲವೆಂದು ನಾವು ಹೇಳಹೊರಟಿಲ್ಲ. ಅವನು ಮಾರಿದ ಭಯ ಸುಳ್ಳು. ಆದರೆ ನಿಜವಾದ ಭಯವೊಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ನಾಲಗೆಗೆ ತಿಳಿಯುವುದಿಲ್ಲ, ಮೂಗಿಗೆ ಹತ್ತುವುದಿಲ್ಲ. ಅವನ ಕಡ್ಡಿಗೂ ಅದು ಸಿಕ್ಕುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ. ಒಮ್ಮೆ ಒಂದೂರಿನ ನೀರಿಗೆ ಇಳಿಯಿತೆಂದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಿಯೇ ಇರುತ್ತದೆ. ಆ ಕಥೆಯನ್ನು ಹೇಳಬೇಕಾದರೆ ದೂರದ ಅಮೆರಿಕೆಗೆ, ನಮ್ಮಂತೆಯೇ ಕಾರ್ಖಾನೆಯನ್ನು ನಂಬಿ ಬದುಕಿದ ಒಂದು ಊರಿಗೆ ಹೋಗಬೇಕು.

ಆ ಊರಿನ ಹೆಸರು ಪಾರ್ಕರ್ಸ್‌ಬರ್ಗ್; ಪಶ್ಚಿಮ ವರ್ಜೀನಿಯಾ ಸಂಸ್ಥಾನದಲ್ಲಿ, ಓಹಾಯೋ ನದಿಯ ದಡದ ಮೇಲೆ. ಊರಿನ ಹತ್ತಿರ ಡ್ಯೂಪಾಂಟ್ ಕಂಪನಿಯ ದೊಡ್ಡ ಕಾರ್ಖಾನೆ. ನಮ್ಮ ಮನೆಗಳಲ್ಲಿ ಈಗ ಎಣ್ಣೆಯಿಲ್ಲದೆ ದೋಸೆ ಏಳುವ ಕಪ್ಪು ಹೆಂಚು ಬಂದಿದೆಯಲ್ಲ, ಅದರ ಮೇಲಿನ ಲೇಪ ಟೆಫ್ಲಾನ್. 1938ರಲ್ಲಿ ಡ್ಯೂಪಾಂಟಿನ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಆಕಸ್ಮಿಕವಾಗಿ ಕಂಡುಹಿಡಿದ. ಅದನ್ನು ಕಾರ್ಖಾನೆಯಲ್ಲಿ ತಯಾರಿಸುವಾಗ ಸಾಬೂನಿನಂತೆ ಕೆಲಸ ಮಾಡುವ ಇನ್ನೊಂದು ಪದಾರ್ಥ ಬೇಕು. ಅದನ್ನು 1951ರಿಂದ 3ಎಂ ಎಂಬ ಕಂಪನಿಯಿಂದ ಕೊಳ್ಳುತ್ತಿದ್ದರು. ಅದರ ಶಾಸ್ತ್ರೀಯ ಹೆಸರು ನಾಲಗೆ ತಿರುಗದಷ್ಟು ಉದ್ದ. ಅದರಲ್ಲಿ ಎಂಟು ಕಾರ್ಬನ್ ಪರಮಾಣುಗಳ ಸರವಿರುವುದರಿಂದ ಕೆಲಸಗಾರರು ‘ಸಿ-8’ ಎಂದು ಕರೆದರು. ನಾವೂ ಹಾಗೆಯೇ ಕರೆಯೋಣ.

ಈ ಜಾತಿಯ ಪದಾರ್ಥಗಳು ಈಗ ಸಾವಿರಾರು ಇವೆ. ಒಟ್ಟಿಗೆ ಅವುಗಳಿಗೆ ಪಿ.ಎಫ್.ಎ.ಎಸ್. ಎಂದು ಹೆಸರು. ಇವೆಲ್ಲದರ ಬೆನ್ನೆಲುಬು ಒಂದೇ: ಕಾರ್ಬನ್ನಿಗೆ ಫ್ಲೋರಿನ್ ಅಂಟಿಕೊಂಡಿರುವುದು. ಸಾವಯವ ರಸಾಯನದಲ್ಲಿ ಅದಕ್ಕಿಂತ ಗಟ್ಟಿಯಾದ ಗಂಟಿಲ್ಲ. ಬಿಸಿಲು, ಮಳೆ, ಮಣ್ಣಿನ ಕ್ರಿಮಿ, ನಮ್ಮ ಹೊಟ್ಟೆಯ ರಸ, ಯಾವುದಕ್ಕೂ ಆ ಗಂಟನ್ನು ಬಿಚ್ಚಲಾಗದು. ಎಣ್ಣೆ ಹಿಡಿಯದಂತೆ, ನೀರು ನೆನೆಸದಂತೆ ಮಾಡುವುದು ಅದೇ ಗುಣ. ಬಾವಿಗೆ ಬಿದ್ದರೆ ಎಂದಿಗೂ ಕೊಳೆಯದೆ ಇರುವುದೂ ಅದೇ ಗುಣ. ಮನುಷ್ಯನ ರಕ್ತಕ್ಕೆ ಸೇರಿದ ಸಿ-8 ಅರ್ಧಕ್ಕೆ ಇಳಿಯಬೇಕಾದರೆ ಎರಡು ಮೂರು ವರ್ಷಗಳೇ ಬೇಕು. ಅಷ್ಟರಲ್ಲಿ ದಿನವೂ ಕುಡಿದದ್ದು ಮತ್ತೆ ತುಂಬುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡಬೇಕು. ನಮ್ಮ ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯವರಿಗೆ ‘ಫ್ಲೋರೈಡ್’ ಎಂಬ ಮಾತು ಹೊಸದಲ್ಲ. ಆಳದ ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಿದವರನ್ನು, ಬೆನ್ನು ಬಾಗಿದವರನ್ನು ನಾವೆಲ್ಲ ನೋಡಿದ್ದೇವೆ. ಅದು ಬಂಡೆಯಿಂದ ನೀರಿಗೆ ಇಳಿಯುವ ಫ್ಲೋರೈಡ್. ಮೂಲಧಾತು ಒಂದೇ ಆದರೂ ಈ ಸಿ-8 ಅದಲ್ಲ. ಇದು ಯಾವ ಬಂಡೆಯಲ್ಲಿಯೂ ಇಲ್ಲ. ಮನುಷ್ಯನೇ ಕಾರ್ಖಾನೆಯಲ್ಲಿ ಕೂತು ಮಾಡಿದ್ದು, ಮಾಡಿ ಮಾರಿದ್ದು, ಮಾರಿ ಮಿಕ್ಕಿದ್ದನ್ನು ಹೊಳೆಗೆ ಬಿಟ್ಟದ್ದು. ಬಂಡೆಯ ಮೇಲೆ ದಾವೆ ಹೂಡಲಾಗುವುದಿಲ್ಲ. ಇದಕ್ಕಾದರೋ ಒಬ್ಬ ಒಡೆಯನಿದ್ದಾನೆ.

ಒಡೆಯನಿಗೆ ಏನೇನು ತಿಳಿದಿತ್ತು, ಯಾವಾಗ ತಿಳಿದಿತ್ತು? ಇದು ನಮ್ಮ ಊಹೆಯಲ್ಲ. ಮುಂದೆ ಕೋರ್ಟಿನ ಅಪ್ಪಣೆಯಿಂದ ಕಂಪನಿಯ ಬೀರುವಿನಿಂದಲೇ ಹೊರಬಿದ್ದ ಕಾಗದಗಳು ಹೇಳುವ ಮಾತು. 1961ರ ಹೊತ್ತಿಗೆ ಕಂಪನಿಯ ಸಂಶೋಧಕರೇ ಸಿ-8 ತಿಂದ ಇಲಿ, ಮೊಲಗಳ ಪಿತ್ತಜನಕಾಂಗ ಊದುವುದನ್ನು ಕಂಡಿದ್ದರು. 1970ರ ದಶಕದಲ್ಲಿ ಕಾರ್ಖಾನೆಯ ಕೆಲಸಗಾರರ ರಕ್ತವನ್ನು ಪರೀಕ್ಷಿಸಿದರು. ಅದರಲ್ಲಿ ಸಿ-8 ಹೇರಳವಾಗಿತ್ತು. ಸರ್ಕಾರಕ್ಕೆ ತಿಳಿಸಲಿಲ್ಲ. 1981ರಲ್ಲಿ, ಈ ಪದಾರ್ಥ ತಿಂದ ಇಲಿಗಳ ಮರಿಗಳು ದೋಷದೊಂದಿಗೆ ಹುಟ್ಟುತ್ತವೆಂದು 3ಎಂ ಕಂಪನಿ ತಿಳಿಸಿತು. ಆಗ ಡ್ಯೂಪಾಂಟಿನವರು ಟೆಫ್ಲಾನ್ ವಿಭಾಗದ ಹೆಣ್ಣು ಕೆಲಸಗಾರರ ಮಕ್ಕಳನ್ನು ನೋಡಿದರು. ಏಳು ಹೆರಿಗೆ, ಅವುಗಳಲ್ಲಿ ಎರಡು ಮಕ್ಕಳಿಗೆ ಕಣ್ಣಿನ ದೋಷ. ಈ ಫಲಿತಾಂಶವನ್ನು ಊರಿಗೆ ತಿಳಿಸಲಿಲ್ಲ.

ಈ ಒಂದು ಸಂಗತಿಯ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಮಿಲ್ಲಿನಲ್ಲಿ ದುಡಿಯುವ ನಮ್ಮ ಮೈಯೇ ಧಣಿಗಳಿಗೆ ಮೊದಲ ಪ್ರಯೋಗಶಾಲೆ. ಹತ್ತಿಯ ಧೂಳು ಪುಪ್ಪುಸಕ್ಕೆ ಏನು ಮಾಡುತ್ತದೆಂಬುದು ಡಾಕ್ಟರ ಪುಸ್ತಕಕ್ಕೆ ಬರುವ ಮುಂಚೆ ಕಾರ್ಡಿಂಗ್ ಖಾತೆಯವನ ಸೋಮವಾರದ ಕೆಮ್ಮಿನಲ್ಲಿ ಬರೆದಿತ್ತು. ಅಂತೆಯೇ ಪಾರ್ಕರ್ಸ್‌ಬರ್ಗಿನಲ್ಲಿ ಇಡೀ ಜಿಲ್ಲೆಗೆ ಆಗಲಿದ್ದುದು ಮೊದಲು ಕೆಲಸಗಾರನ ರಕ್ತದಲ್ಲಿ ಕಂಡಿತು. ಸೂಜಿ ಚುಚ್ಚಿಸಿಕೊಂಡವನು ಕೆಲಸಗಾರ. ಫಲಿತಾಂಶ ಮಾತ್ರ ಆಫೀಸಿನ ಬೀರುವಿಗೆ. ರಕ್ತ ಕೊಟ್ಟವನಿಗೆ ರಕ್ತದ ಲೆಕ್ಕವನ್ನು ಹೇಳಿದ್ದರೆ ಆ ಊರಿನ ನೀರು ಇಪ್ಪತ್ತು ವರ್ಷ ಮುಂಚೆಯೇ ಉಳಿಯುತ್ತಿತ್ತು ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

1984ರ ಹೊತ್ತಿಗೆ ಚಿಮಣಿಯ ಧೂಳು ಕಾಂಪೌಂಡು ದಾಟಿ ಬೀಳುತ್ತಿರುವುದೂ, ಸುತ್ತಲ ಹಳ್ಳಿಗಳ ನಲ್ಲಿಯ ನೀರಿನಲ್ಲಿ ಸಿ-8 ಸೇರಿರುವುದೂ ಕಂಪನಿಗೆ ಗೊತ್ತಾಯಿತು. 1991ರಲ್ಲಿ ಕಂಪನಿಯ ವಿಜ್ಞಾನಿಗಳು ತಮ್ಮೊಳಗೇ ಒಂದು ಮಿತಿಯನ್ನು ಗೊತ್ತುಮಾಡಿಕೊಂಡರು: ಲೀಟರಿಗೆ 1,000 ನ್ಯಾನೋಗ್ರಾಂ, ಅದಕ್ಕಿಂತ ಹೆಚ್ಚಾಗಬಾರದು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಅದೇ ವರ್ಷ ಒಂದು ಹಳ್ಳಿಯ ನೀರಿನಲ್ಲಿ ಆ ಮಿತಿಯ ಮೂರರಷ್ಟು ಸಿಕ್ಕಿತು. ಆಗಲೂ ಬಾಯಿ ಬಿಡಲಿಲ್ಲ. ಸಿ-8 ಬಳಸಿ ತಯಾರಿಸಿದ ಮಾಲಿನಿಂದ ಕಂಪನಿಗೆ ವರ್ಷಕ್ಕೆ ನೂರು ಕೋಟಿ ಡಾಲರಿನಷ್ಟು ಲಾಭವಿತ್ತು; ಬಾಯಿ ಮುಚ್ಚಿಸಲು ಅದಕ್ಕಿಂತ ದೊಡ್ಡ ಬೀಗ ಬೇಕಾಗಿರಲಿಲ್ಲ.

ಈ ಬೀಗವನ್ನು ತೆರೆದವನು ಮಂತ್ರಿಯಲ್ಲ, ಇನ್ಸ್‌ಪೆಕ್ಟರನಲ್ಲ. ದನ ಸಾಕುವ ಒಬ್ಬ ರೈತ. ವಿಲ್ಬರ್ ಟೆನೆಂಟ್ ಎಂದು ಹೆಸರು. ಅವನ ಸೋದರ ಡ್ಯೂಪಾಂಟಿನಲ್ಲಿಯೇ ಕೂಲಿ ಮಾಡುತ್ತಿದ್ದವನು, ಖಾಯಿಲೆಯ ಖರ್ಚಿಗೆ ದುಡ್ಡು ಸಾಲದೆ 66 ಎಕರೆ ಜಮೀನನ್ನು 1980ರ ದಶಕದ ಮೊದಲಲ್ಲಿ ಕಂಪನಿಗೇ ಮಾರಿದ. ಕಸ ಹಾಕುತ್ತೇವೆ, ಅಪಾಯದ್ದೇನೂ ಅಲ್ಲ ಎಂದು ಕಂಪನಿ ಹೇಳಿತ್ತು. ಆ ಕಸದ ಗುಂಡಿಯಿಂದ ಇಳಿದ ತೊರೆಯ ನೀರನ್ನು ಟೆನೆಂಟನ ದನಗಳು ಕುಡಿದವು. ತೊರೆಯಲ್ಲಿ ನೊರೆ, ದನಗಳ ಹಲ್ಲು ಕಪ್ಪು, ಕಣ್ಣು ಕೆಂಪು, ಹುಟ್ಟಿದ ಕರುಗಳು ಸೊಟ್ಟ. ನೂರೈವತ್ತಕ್ಕೂ ಹೆಚ್ಚು ದನಗಳು ಸತ್ತವು. ಊರಿನ ವಕೀಲರೂ ದನದ ಡಾಕ್ಟರರೂ ಕಂಪನಿಯ ಎದುರು ನಿಲ್ಲಲು ಒಪ್ಪಲಿಲ್ಲ. ಆತ ಸತ್ತ ದನವನ್ನು ತಾನೇ ಕೊಯ್ದು, ಒಳಗಿನದನ್ನೆಲ್ಲ ವೀಡಿಯೋ ಕ್ಯಾಮೆರಾದಲ್ಲಿ ಹಿಡಿದಿಟ್ಟ. ಕಂಪನಿಯೂ ಸರ್ಕಾರದ ಇಲಾಖೆಯೂ ಸೇರಿ ನೇಮಿಸಿದ ಆರು ಜನ ಪಶುವೈದ್ಯರು ವರದಿ ಕೊಟ್ಟರು: ತಪ್ಪು ರೈತನದೇ, ದನಗಳನ್ನು ಸರಿಯಾಗಿ ಸಾಕಲಿಲ್ಲ, ಮೇವು ಸಾಲದು, ನೊಣಗಳನ್ನು ಓಡಿಸಲಿಲ್ಲ ಎಂದು! ಜೀವಮಾನವೆಲ್ಲ ದನದ ನಡುವೆ ಕಳೆದವನಿಗೆ ಹೇಳಿದ ಮಾತಿದು.

1998ರಲ್ಲಿ ಆತ ಸಿನ್ಸಿನಾಟಿಯ ರಾಬ್ ಬಿಲಾಟ್ ಎಂಬ ವಕೀಲನಿಗೆ ಫೋನು ಮಾಡಿದ. ಸ್ವಾರಸ್ಯವೇನೆಂದರೆ ಆ ವಕೀಲನ ಆಫೀಸು ರಸಾಯನ ಕಂಪನಿಗಳ ಪರವಾಗಿಯೇ ವಾದಿಸುವಂಥದು. ಅವನ ಅಜ್ಜಿ ಪಾರ್ಕರ್ಸ್‌ಬರ್ಗಿನ ಮಗ್ಗುಲಲ್ಲಿ ವಾಸವಾಗಿದ್ದಳೆಂಬ ಒಂದೇ ಎಳೆಯಿಂದ ರೈತ ಅವನನ್ನು ಹಿಡಿದ. ಬಿಲಾಟ್ 1999ರಲ್ಲಿ ದಾವೆ ಹೂಡಿದ. ಕಾಗದಪತ್ರಗಳನ್ನು ಒಪ್ಪಿಸುವಂತೆ ಕೋರ್ಟಿನಿಂದ ಅಪ್ಪಣೆ ತಂದ. ಒಂದು ಲಕ್ಷಕ್ಕೂ ಹೆಚ್ಚು ಹಾಳೆಗಳು ಬಂದವು. ಅಷ್ಟು ಕಾಗದದಲ್ಲಿ ಮುಳುಗಿಹೋಗಲಿ ಎಂದು ಕಂಪನಿ ಎಣಿಸಿರಬೇಕು. ಆತ ನೆಲದ ಮೇಲೆ ಕೂತು ತಿಂಗಳುಗಟ್ಟಲೆ ಒಂದೊಂದನ್ನೇ ಓದಿದ. ಇಷ್ಟು ಹೊತ್ತು ನಾವು ಹೇಳಿದ ಇಸವಿಗಳೆಲ್ಲ ಹಾಗೆ ಓದಿದ್ದರಿಂದ ಲೋಕಕ್ಕೆ ತಿಳಿದವು.

2001ರಲ್ಲಿ ಊರವರೆಲ್ಲರ ಪರವಾಗಿ ದಾವೆ ಬಿತ್ತು. 2004ರಲ್ಲಿ ರಾಜಿಯಾಯಿತು. ರಾಜಿಯ ಎರಡು ಕರಾರುಗಳನ್ನು ನೀವು ನೆನಪಿಡಬೇಕು. ಮೊದಲನೆಯದು: ಸುತ್ತಲ ಆರು ನೀರು ಸರಬರಾಜು ಕೇಂದ್ರಗಳಿಗೆ ಕಂಪನಿಯೇ ತನ್ನ ಖರ್ಚಿನಲ್ಲಿ ದೊಡ್ಡ ಫಿಲ್ಟರುಗಳನ್ನು ಕಟ್ಟಿಸಿಕೊಡಬೇಕು. ಎರಡನೆಯದು: ಪರಿಹಾರವಾಗಿ ಏಳು ಕೋಟಿ ಡಾಲರ್. ಈ ಹಣವನ್ನು ತಲಾ ಇಷ್ಟೆಂದು ಹಂಚಿ ಮುಗಿಸಬಹುದಾಗಿತ್ತು. ಜನರ ಪರವಾದ ವಕೀಲರು ಬೇರೆ ದಾರಿ ಹಿಡಿದರು. ರಕ್ತ ಕೊಟ್ಟು ಆರೋಗ್ಯದ ವಿವರ ಬರೆಸಿದ ಪ್ರತಿಯೊಬ್ಬರಿಗೂ 400 ಡಾಲರ್ ಎಂದು ಸಾರಿದರು. ಸುಮಾರು 69,000 ಜನ ಬಂದು ಸಾಲಿನಲ್ಲಿ ನಿಂತರು. ಮೂವರು ತಜ್ಞರ ಮಂಡಲಿ ಏಳು ವರ್ಷ ಲೆಕ್ಕ ಹಾಕಿ 2012ರಲ್ಲಿ ಮುಗಿಸಿತು. ಸಿ-8ಕ್ಕೂ ಆರು ರೋಗಗಳಿಗೂ ಸಂಬಂಧವಿರುವ ಸಂಭವ ಹೆಚ್ಚೆಂದು ಹೇಳಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ರೋಗ, ರಕ್ತದಲ್ಲಿ ಕೊಬ್ಬು ಏರುವುದು, ದೊಡ್ಡ ಕರುಳಿನ ಹುಣ್ಣು, ಬಸುರಿಯರ ರಕ್ತದೊತ್ತಡ. ಇದರ ಬಲದ ಮೇಲೆ 2017ರಲ್ಲಿ ಮೂರೂವರೆ ಸಾವಿರ ದಾವೆಗಳಿಗೆ ಒಟ್ಟು 67 ಕೋಟಿ ಡಾಲರ್ ಪರಿಹಾರ ಬಂದಿತು. ಟೆನೆಂಟ್ ಅದನ್ನು ನೋಡಲು ಉಳಿದಿರಲಿಲ್ಲ. ಆತ ಹೃದಯಾಘಾತದಿಂದ 2009ರಲ್ಲಿಯೇ ತೀರಿಕೊಂಡಿದ್ದ.

ಸರ್ಕಾರ ಏನು ಮಾಡಿತೆಂದು ಕೇಳುವಿರಿ. ಮಾಹಿತಿ ಮುಚ್ಚಿಟ್ಟದ್ದಕ್ಕಾಗಿ 2005ರಲ್ಲಿ ಒಂದು ಕೋಟಿ 65 ಲಕ್ಷ ಡಾಲರ್ ವಸೂಲಿ ಮಾಡಿತು. ಆ ಇಲಾಖೆಯ ಚರಿತ್ರೆಯಲ್ಲೇ ಆ ತರಹದ ಅತಿ ದೊಡ್ಡ ದಂಡವೆಂದು ಡಂಗುರ ಹೊಡೆಯಿತು. ಅಂಗಡಿ ಲೆಕ್ಕ ಬಲ್ಲವರು ನೀವು. ವರ್ಷಕ್ಕೆ ನೂರು ಕೋಟಿ ಲಾಭದವನಿಗೆ ಇದು ಎಷ್ಟು ದಿನದ ಗಳಿಕೆ? ಆರು ದಿನದ್ದು. ಕುಡಿಯುವ ನೀರಿಗೆ ಕಾನೂನಿನ ಮಿತಿ ಹಾಕಲು ಅಮೆರಿಕದ ಸರ್ಕಾರಕ್ಕೆ 2024ರ ಏಪ್ರಿಲ್ ಬೇಕಾಯಿತು. ಆ ಮಿತಿ ಲೀಟರಿಗೆ 4 ನ್ಯಾನೋಗ್ರಾಂ; 1991ರಲ್ಲಿ ಕಂಪನಿ ತನ್ನೊಳಗೆ ‘ಇಷ್ಟು ಇರಬಹುದು’ ಎಂದುಕೊಂಡದ್ದರ ಇನ್ನೂರೈವತ್ತರಲ್ಲಿ ಒಂದು ಪಾಲು. 2025ರ ಮೇ ತಿಂಗಳಲ್ಲಿ, ಅದನ್ನು ಪಾಲಿಸುವ ಗಡುವನ್ನು 2029ರಿಂದ 2031ಕ್ಕೆ ನೂಕುವುದಾಗಿ ಅದೇ ಇಲಾಖೆ ಹೇಳಿತು. ಅಷ್ಟರಲ್ಲಿ, 2023ರಲ್ಲಿಯೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಸಿ-8 ಅನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಪಟ್ಟಿಗೆ ಸೇರಿಸಿತ್ತು.

ನಾಲ್ಕು ನ್ಯಾನೋಗ್ರಾಂ ಎಂದರೆ ಎಷ್ಟು ಸಣ್ಣದು? ಒಂದು ಚಿಟಿಕೆಯಲ್ಲಿ ಹಿಡಿಸುವ ಒಂದು ಗ್ರಾಂ ಸಿ-8, ಇಪ್ಪತ್ತೈದು ಕೋಟಿ ಲೀಟರ್ ನೀರನ್ನು ಆ ಮಿತಿಯವರೆಗೆ ಕೆಡಿಸುತ್ತದೆ. ಲಕ್ಷ ಜನರ ಒಂದು ಊರಿಗೆ ತಲೆಗೆ ನೂರು ಲೀಟರಿನಂತೆ ಅದು ಇಪ್ಪತ್ತೈದು ದಿನದ ನೀರು. ಪಾರ್ಕರ್ಸ್‌ಬರ್ಗಿನ ಕಾರ್ಖಾನೆ ತೆರೆದ ಗುಂಡಿಗಳಿಗೆ ಸುರಿದ ಸಿ-8 ಬೆರೆತ ರೊಚ್ಚು 7,100 ಟನ್.

ಈಗ ನಮ್ಮ ಅಡಿಗೆಮನೆಗೆ ಬರೋಣ. ಕೇರಿಯ ಆ ತರುಣ ಇನ್ನೊಂದು ಸಾಮಾನನ್ನೂ ತೋರಿಸಿದ್ದ. ಲೇಖನಿಯಂತಹ ಮೀಟರು, ನೀರಿಗೆ ಅದ್ದಿದರೆ ಅಂಕಿ ಬರುತ್ತದೆ. ‘ಟಿ.ಡಿ.ಎಸ್. ಮುನ್ನೂರಿದೆ ಅಮ್ಮಾ, ವಿಷ!’ ಎಂದ. ಆ ಮೀಟರು ಅಳೆಯುವುದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಲೆಕ್ಕವನ್ನು, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಮುನ್ನೂರಿದ್ದರೆ ಕುಡಿಯಲು ಯೋಗ್ಯವೇ. ನಮ್ಮ ದೇಶದ ಮಾನಕವೇ ಐನೂರರವರೆಗೆ ಒಪ್ಪುತ್ತದೆ. ಆ ಮೀಟರಿನ ಅತಿ ಸಣ್ಣ ಅಂಕಿ ಒಂದು ಮಿಲಿಗ್ರಾಂ. ಅಂದರೆ ಹತ್ತು ಲಕ್ಷ ನ್ಯಾನೋಗ್ರಾಂ. ನಾಲ್ಕು ನ್ಯಾನೋಗ್ರಾಮನ್ನು ಅದರಲ್ಲಿ ಹುಡುಕುವುದೆಂದರೆ ಹುಲ್ಲು ತೂಗುವ ತಕ್ಕಡಿಯಲ್ಲಿ ಸೊಳ್ಳೆಯ ರೆಕ್ಕೆಯನ್ನು ತೂಗಿದಂತೆ. ಅಂಕಿ ಐವತ್ತಕ್ಕಿಳಿದ ನೀರಿನಲ್ಲಿ ಸಿ-8 ಇರಬಹುದು, ಐನೂರಿದ್ದ ನೀರಿನಲ್ಲಿ ಒಂದು ಕಣವೂ ಇಲ್ಲದಿರಬಹುದು. ಇದನ್ನು ಕಂಡುಹಿಡಿಯಲು ದೊಡ್ಡ ಪ್ರಯೋಗಶಾಲೆಯೇ ಬೇಕು.

ಯಾವುದು ತೆಗೆಯುತ್ತದೆ, ಯಾವುದು ತೆಗೆಯುವುದಿಲ್ಲ? ಬಟ್ಟೆಯಲ್ಲಿ ಸೋಸಿದರೆ ಹೋಗದು. ಪಿಂಗಾಣಿಯ ಕ್ಯಾಂಡಲ್ ಫಿಲ್ಟರಿನಲ್ಲಿ ಹೋಗದು. ನೇರಳಾತೀತ ದೀಪವಿರುವ ಯಂತ್ರ ಕ್ರಿಮಿಗಳನ್ನು ಮಾತ್ರ ಕೊಲ್ಲುತ್ತದೆ; ಇದಕ್ಕೆ ಜೀವವೇ ಇಲ್ಲ, ಕೊಲ್ಲುವುದೇನನ್ನು? ಕುದಿಸಿದರಂತೂ ನೀರು ಆವಿಯಾಗಿ ಕಡಿಮೆಯಾಗಿ, ಉಳಿದ ನೀರಿನಲ್ಲಿ ವಿಷದ ಪಾಲು ಕೊಂಚ ಹೆಚ್ಚೇ ಆಗುತ್ತದೆ. ಆದರೆ ತಾಯಂದಿರೇ, ಇದನ್ನು ಕೇಳಿ ಕುದಿಸುವುದನ್ನು ಬಿಟ್ಟೀರಿ! ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರಗಳು ಇವತ್ತಿನ ಕೊಲೆಗಾರರು. ನಮ್ಮಂಥ ಊರುಗಳಲ್ಲಿ ಚರಂಡಿಯೊಳಗೇ ನೀರಿನ ಪೈಪು ಹಾದುಹೋಗುವವರೆಗೂ ಕುದಿಸುವುದನ್ನು ನಿಲ್ಲಿಸಬಾರದು.

ತೆಗೆಯುವುದು ಎರಡು. ಒಂದು, ಇದ್ದಿಲು. ಚಿಪ್ಪಿನ ಇದ್ದಿಲನ್ನು ವಿಶೇಷವಾಗಿ ಸುಟ್ಟು ಲಕ್ಷಾಂತರ ಸೂಕ್ಷ್ಮ ರಂಧ್ರ ಮಾಡಿದ್ದು. ಸಿ-8ರಂಥ ಉದ್ದ ಸರದ ಪದಾರ್ಥಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಗಿಡ್ಡ ಸರದವು ಅಷ್ಟಾಗಿ ಅಂಟುವುದಿಲ್ಲ. ಸಿ-8 ಬಿಟ್ಟ ಮೇಲೆ ಕಂಪನಿಗಳು ಹಿಡಿದಿರುವುದು ಹೆಚ್ಚಾಗಿ ಈ ಗಿಡ್ಡವನ್ನೇ. ಇನ್ನೂ ಒಂದು ತೊಡಕು: ಇದ್ದಿಲಿನ ರಂಧ್ರಗಳು ತುಂಬಿದ ಮೇಲೆ ಅದು ಹಿಡಿಯುವುದನ್ನು ನಿಲ್ಲಿಸುತ್ತದೆ, ಹಿಡಿದದ್ದನ್ನೂ ಬಿಡಬಹುದು. 2020ರಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳವರು ಮನೆಗಳಲ್ಲಿ ನಿಜವಾಗಿ ಬಳಕೆಯಲ್ಲಿದ್ದ 76 ಸಣ್ಣ ಫಿಲ್ಟರುಗಳನ್ನು ಪರೀಕ್ಷಿಸಿದರು. ಇದ್ದಿಲಿನವು ಸರಾಸರಿ ನೂರಕ್ಕೆ ಎಪ್ಪತ್ತಮೂರು ಪಾಲು ತೆಗೆದವು, ಆದರೆ ಒಂದೊಂದರದು ಒಂದೊಂದು ಪರಿ. ಇಡೀ ಮನೆಯ ನೀರಿಗೆ ಹಾಕಿಸಿದ ದೊಡ್ಡ ಫಿಲ್ಟರುಗಳಲ್ಲಿ ಕೆಲವು, ಒಳಗೆ ಬಂದದ್ದಕ್ಕಿಂತ ಹೆಚ್ಚನ್ನು ಹೊರಗೆ ಬಿಡುತ್ತಿದ್ದವು! ಆದ್ದರಿಂದ ಇದ್ದಿಲಿನ ಫಿಲ್ಟರ್ ಇಟ್ಟುಕೊಂಡವರು ಹಾಕಿದ ತಾರೀಖನ್ನು ಗೋಡೆಯ ಮೇಲೆ ಬರೆದಿಡಿ, ಅವಧಿ ಮುಗಿದೊಡನೆ ಬದಲಾಯಿಸಿ.

ಎರಡನೆಯದು ಆರ್.ಓ. ನೀರನ್ನು ಪಂಪಿನಿಂದ ಒತ್ತಿ ಅತಿ ಸಣ್ಣ ಕಣ್ಣುಗಳ ಪೊರೆಯ ಮೂಲಕ ದಾಟಿಸುವುದು. ಅದೇ ಪರೀಕ್ಷೆಯಲ್ಲಿ ಇದು ನೂರಕ್ಕೆ ತೊಂಬತ್ತಕ್ಕೂ ಮೇಲೆ ತೆಗೆಯಿತು. ಫ್ಲೋರೈಡನ್ನೂ ತೆಗೆಯುತ್ತದೆ, ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕೊಡ ತುಂಬುವ ಘಟಕಗಳಲ್ಲಿರುವುದು ಇದೇ. ಹಾಗಾದರೆ ಎಲ್ಲರೂ ಕೊಂಡುಬಿಡೋಣವೇ? ಮನೆಯ ಯಂತ್ರದಲ್ಲಿ ಒಂದು ಲೀಟರು ಒಳ್ಳೆಯ ನೀರಿಗೆ ಎರಡು ಮೂರು ಲೀಟರು ಚರಂಡಿಗೆ ಹೋಗುತ್ತದೆ. ವಾರಕ್ಕೊಮ್ಮೆ ನಲ್ಲಿ ಬರುವ ಕೇರಿಯಲ್ಲಿ ಇದು ಯಾರಿಗೆ ಸಾಧ್ಯ? ಅದಕ್ಕೂ ಮಿಗಿಲಾಗಿ, ಪೊರೆ ತಡೆದ ವಿಷ ಎಲ್ಲಿಗೆ ಹೋಯಿತು? ಆ ಎರಡು ಮೂರು ಲೀಟರಿನಲ್ಲಿ ಸೇರಿ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಯಂತ್ರ ಕೊಳ್ಳಲಾರದವನ ಬಾವಿಗೆ. ಧಣಿಯ ಮನೆಯ ಕಸವನ್ನು ನಾವು ದುಡ್ಡು ಕೊಟ್ಟು ಕೊಂಡು ನೆರೆಮನೆಯ ಅಂಗಳಕ್ಕೆ ಹಾಕಿದಂತಾಯಿತು.

ನಮ್ಮ ಮಾತಿನ ತಿರುಳಿರುವುದು ಇಲ್ಲಿಯೇ. ಮನೆಮನೆಗೆ ಫಿಲ್ಟರ್ ಎಂಬುದು, ಕಾರ್ಖಾನೆ ಉಳಿಸಿಕೊಂಡ ಖರ್ಚನ್ನು ಕೂಲಿಯವನ ಸಂಬಳದಿಂದ ಕಂತುಕಂತಾಗಿ ಕಡಿದುಕೊಳ್ಳುವ ಉಪಾಯ. ಪಾರ್ಕರ್ಸ್‌ಬರ್ಗಿನವರು ತಲೆಗೊಂದು ಫಿಲ್ಟರ್ ಕೇಳಲಿಲ್ಲ. ನೀರಿನ ಮೂಲದಲ್ಲಿಯೇ ದೊಡ್ಡ ಫಿಲ್ಟರ್ ಕಟ್ಟು, ನಿನ್ನ ದುಡ್ಡಿನಲ್ಲಿ ಕಟ್ಟು ಎಂದರು. ಅಲ್ಲಿ ಬಡವನ ನಲ್ಲಿಗೂ ಬ್ಯಾಂಕಿನವನ ನಲ್ಲಿಗೂ ಬಂದದ್ದು ಒಂದೇ ನೀರು. ಇದ್ದಿಲು ಯಾವಾಗ ತುಂಬಿತು, ಯಾವಾಗ ಬದಲಾಯಿಸಬೇಕು ಎಂಬ ಕಾವಲು ಸಂಬಳದ ಎಂಜಿನಿಯರನದು. ಪಾಳಿ ಮುಗಿಸಿ ಬಂದ ಹೆಂಗಸಿನದಲ್ಲ.

ಇದೆಲ್ಲ ಅಮೆರಿಕದ ಮಾತಾಯಿತು, ನಮಗೇನು ಎನ್ನುವವರಿಗೆ ಇನ್ನೊಂದು ಊರಿನ ಸುದ್ದಿ ಹೇಳಬೇಕು. ಇಟಲಿಯ ವಿಚೆಂಜಾ ಪ್ರಾಂತದ ತ್ರಿಸ್ಸಿನೊ ಎಂಬಲ್ಲಿ ಮಿತೇನಿ ಎಂಬ ಕಾರ್ಖಾನೆ ಇದೇ ಜಾತಿಯ ಪದಾರ್ಥಗಳನ್ನು ದಶಕಗಳ ಕಾಲ ಮಾಡಿತು. ನೆಲದೊಳಗಿನ ನೀರು ಕೆಟ್ಟಿದೆಯೆಂದು 2013ರಲ್ಲಿ ಬಯಲಾಯಿತು. ಸುಮಾರು ಮೂರೂವರೆ ಲಕ್ಷ ಜನರ ನೀರಿನ ಪ್ರಶ್ನೆ ಅದು. ಮಕ್ಕಳ ರಕ್ತಪರೀಕ್ಷೆಯ ಚೀಟಿ ನೋಡಿದ ತಾಯಂದಿರು ಸಂಘ ಕಟ್ಟಿ ಬೀದಿಗಿಳಿದರು. 2018ರಲ್ಲಿ ಕಂಪನಿ ದಿವಾಳಿಯೆಂದು ಬಾಗಿಲು ಹಾಕಿತು. 2025ರ ಜೂನಿನಲ್ಲಿ ಅಲ್ಲಿಯ ಕೋರ್ಟು ಹನ್ನೊಂದು ಮಂದಿ ಅಧಿಕಾರಿಗಳಿಗೆ ಜೈಲುಶಿಕ್ಷೆ ವಿಧಿಸಿತು. ಕೆಲವರಿಗೆ ಹದಿನೇಳು ವರ್ಷ. ಮ್ಯಾನೇಜರನು ನೀರು ಕೆಡಿಸಿದ್ದಕ್ಕೆ ಹದಿನೇಳು ವರ್ಷವೆಂಬುದನ್ನು ನಮ್ಮ ದೇಶದಲ್ಲಿ ಕೇಳಿದವರುಂಟೇ?

ದಿವಾಳಿಯಾದ ಆ ಕಾರ್ಖಾನೆಯ ಯಂತ್ರಗಳು ಏನಾದವು ಗೊತ್ತೇ? ಹರಾಜಿನಲ್ಲಿ ಭಾರತದ ಒಂದು ಕಂಪನಿ ಕೊಂಡಿತು. ಅವನ್ನು ಹಡಗಿನಲ್ಲಿ ತಂದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ಪ್ರದೇಶದಲ್ಲಿ ನಿಲ್ಲಿಸಿದರು. ಮಂಗಳೂರಿನಿಂದ ಮುಂಬಯಿಗೆ ಕೊಂಕಣ ರೈಲಿನಲ್ಲಿ ಹೋಗುವ ನಮ್ಮ ಹೊಟೇಲು ಹುಡುಗರು ಚಿಪಳೂಣ, ಖೇಡ ದಾಟುವಾಗ ಅದರ ಹತ್ತಿರದಿಂದಲೇ ಹಾದುಹೋಗುತ್ತಾರೆ. ಅಲ್ಲಿಯ ನೀರು ಕೆಟ್ಟಿದೆಯೆಂದು ನಾವು ಹೇಳುತ್ತಿಲ್ಲ. ಯಂತ್ರಗಳನ್ನು ತಂದಂತೆ, ಇಟಲಿಯವರು ಕಣ್ಣೀರು ಹಾಕಿ ಕಲಿತ ಪಾಠವನ್ನೂ ಹಡಗಿಗೆ ಹಾಕಿದರೇ ಎಂದಷ್ಟೇ ಕೇಳುತ್ತೇವೆ. ಅಲ್ಲಿಯ ಕೆಲಸಗಾರರ ರಕ್ತವನ್ನು ಯಾರಾದರೂ ಪರೀಕ್ಷಿಸುವರೇ, ಪರೀಕ್ಷಿಸಿದರೆ ಚೀಟಿಯನ್ನು ಅವರ ಕೈಗೆ ಕೊಡುವರೇ?

ನಮ್ಮ ಊರಿನಲ್ಲಿ ಇಂಥ ಕಾರ್ಖಾನೆಯಿಲ್ಲ. ಆದರೆ ಈ ಪದಾರ್ಥಗಳು ಕಾರ್ಖಾನೆಯಲ್ಲಿ ಮಾತ್ರ ಇರುವುದಿಲ್ಲ. ಮಳೆನೀರು ಹಿಡಿಯದ, ಕಲೆ ಕೂರದ ಬಟ್ಟೆಗೆ ಕೊನೆಯ ಹದ ಕೊಡುವ ರಸಾಯನದಲ್ಲಿ ಇರುತ್ತವೆ; ಪೆಟ್ರೋಲಿನ ಬೆಂಕಿ ಆರಿಸುವ ನೊರೆಯಲ್ಲಿ ಇರುತ್ತವೆ. ನೂಲು ತೆಗೆಯುವ ಮಿಲ್ಲಿನವರಿಗೆ ಇದರ ಸಂಬಂಧ ಕಡಿಮೆ. ಬಣ್ಣ ಹಾಕುವ, ಫಿನಿಷಿಂಗ್ ಮಾಡುವ ಖಾತೆಯವರು ಡ್ರಮ್ಮಿನ ಮೇಲಿನ ಚೀಟಿಯನ್ನು ಓದಿ ಬರೆದುಕೊಂಡು ಬನ್ನಿ. ‘ಫ್ಲೋರೋ’ ಎಂಬ ಅಕ್ಷರಗಳಿದ್ದರೆ ಸಂಘಕ್ಕೆ ತಿಳಿಸಿ. ಅದಿಲ್ಲದೆ ಮೇಣದಿಂದಲೂ ಬೇರೆ ಹದಗಳಿಂದಲೂ ನೀರು ಹಿಡಿಯದ ಬಟ್ಟೆಯನ್ನು ಮಾಡಲು ಬರುತ್ತದೆ. ಆಗುವುದಿಲ್ಲವೆಂದು ಹೇಳುವ ಮ್ಯಾನೇಜರನಿಗೆ ಖರ್ಚು ಎಷ್ಟೆಂದು ಮಾತ್ರ ಕೇಳಿ.

ಸಭೆಗೆ ಮುಂಚೆ ಚಹದಂಗಡಿಯ ಗೆಳೆಯರೊಬ್ಬರು ಒಂದು ಪ್ರಶ್ನೆ ಹಾಕಿದರು. ಅವರ ಅಂಗಡಿಯಲ್ಲಿ ಇದ್ದಿಲಿನ ಫಿಲ್ಟರಿದೆ, ಆರು ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ. ತೆಗೆದ ಹಳೆಯದನ್ನು ಎಲ್ಲಿ ಹಾಕಬೇಕು? ಒಲೆಗೆ ಹಾಕಬೇಡಿ ಎಂದೆವು. ಒಲೆಯ ಬೆಂಕಿಗೆ ಆ ಗಂಟು ಬಿಚ್ಚುವುದಿಲ್ಲ, ಹೊಗೆಯಲ್ಲಿ ಏಳಬಹುದು. ತಿಪ್ಪೆಗೆ ಹಾಕಿದರೆ ಮಳೆಗೆ ತೊಳೆದು ಮತ್ತೆ ನೀರಿಗೇ ಇಳಿಯುತ್ತದೆ. ದೊಡ್ಡ ನೀರುಕೇಂದ್ರಗಳಲ್ಲಾದರೆ ಹಳೆಯ ಇದ್ದಿಲನ್ನು ಬಹಳ ಹೆಚ್ಚಿನ ಉಷ್ಣದ ಕುಲುಮೆಗೆ ವಾಪಸು ಕಳಿಸುತ್ತಾರೆ. ನಮ್ಮಲ್ಲಿ ಏನು ವ್ಯವಸ್ಥೆಯೆಂದು ಕಾಗದ ಬರೆದು ಕೇಳಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಬರುವವರೆಗೆ ಅದನ್ನು ಒಂದು ಡಬ್ಬಿಯಲ್ಲಿ ಮುಚ್ಚಿ ಅಟ್ಟದ ಮೇಲಿಡಿ ಎಂದು ಅವರಿಗೆ ಹೇಳಿದ್ದೇವೆ. ಈಗಾಗಲೇ ಮೂರು ಸೇರಿವೆಯಂತೆ.